ನೆತ್ತಿ ಬಯಲಾಗುವುದೇಕೆ?



ಮನುಷ್ಯನು ತನ್ನ ದೇಹದಲ್ಲಿ ತಾನಾಗಿ ನೋಡಿಕೊಳ್ಳಲಾರದ ಕೆಲವೇ ಸ್ಥಳಗಳಲ್ಲಿ ನೆತ್ತಿಯೂ ಒಂದಾಗಿರುವುದರಿಂದ, ಅಲ್ಲಿ ಕೂದಲು ವಿರಳವಾಗತೊಡಗಿದ ವಾರ್ತೆ ಅವನಿಗೆ ಪರರಿಂದಲೇ ಬರಬೇಕು. ಬೈಲಹೊಂಗಲದ ಬಜಾರಿನಲ್ಲಾಗಲಿ, ರಾಮದುರ್ಗದ ನೇಕಾರರ ಓಣಿಯಲ್ಲಾಗಲಿ, ಆ ವಾರ್ತೆಯನ್ನು ಮೊದಲು ತರುವವನು ಬಹುಮಟ್ಟಿಗೆ ಕ್ಷೌರದಂಗಡಿಯವನು. ಕೊರಳಿಗೆ ಬಿಳಿಯ ಬಟ್ಟೆ ಸುತ್ತಿ, ಕತ್ತರಿಯ ಸದ್ದನ್ನು ಒಂದು ಕ್ಷಣ ನಿಲ್ಲಿಸಿ, ಹಿಂದಿನಿಂದ ಸಣ್ಣ ಕನ್ನಡಿಯೊಂದನ್ನು ಓರೆಯಾಗಿ ಹಿಡಿದು, "ಕಾಕಾರ, ನೆತ್ತಿ ಮ್ಯಾಲ ಸ್ವಲ್ಪ ಬಯಲಾಗಾಕ ಹತ್ತೈತ್ರಿ" ಎಂದು ಅವನು ಸಂಕೋಚದಿಂದ ನುಡಿದಾಗ, ಕುರ್ಚಿಯಲ್ಲಿ ಕುಳಿತವರಿಂದ ಉತ್ತರ ಬರಲು ತಡವಾಗುವುದಿಲ್ಲ: "ಬೋರಿನ ನೀರಪಾ ತಮ್ಮಾ, ಬೋರಿನ ನೀರು!" ಸರದಿಗಾಗಿ ಬೆಂಚಿನ ಮೇಲೆ ಕಾದವರಲ್ಲಿ ಒಬ್ಬನು ಟೊಪ್ಪಿಗೆಯನ್ನು ದೂರುತ್ತಾನೆ, ಮತ್ತೊಬ್ಬನು ಶಾಂಪೂವನ್ನು, ಮೂರನೆಯವನು ಸಂಸಾರದ ಚಿಂತೆಯನ್ನು. ಕ್ಷೌರ ಮುಗಿಯುವಷ್ಟರಲ್ಲಿ ಆರೋಪಿಗಳ ಪಟ್ಟಿಯೊಂದು ಸಿದ್ಧವಾಗಿರುತ್ತದೆ. ಆದರೆ ನಿಜವಾದ ಅಪರಾಧಿಯ ಹೆಸರು ಅದರಲ್ಲಿ ಇರುವುದು ಅಪರೂಪ.

ನಾನು ಈ ಹೊತ್ತು ಪ್ರಸ್ತಾಪಿಸಬೇಕೆಂದಿರುವುದು ಗಂಡಸರಲ್ಲಿ ಸರ್ವಸಾಮಾನ್ಯವಾಗಿರುವ, ಒಂದು ನಿಯತವಾದ ವಿನ್ಯಾಸವನ್ನು ಅನುಸರಿಸಿ ಮುಂದುವರಿಯುವ ಕೇಶಕ್ಷಯವನ್ನು ಕುರಿತು. ಹಣೆಯ ಎರಡು ಮೂಲೆಗಳು ಮೆಲ್ಲಮೆಲ್ಲನೆ ಹಿಂದಕ್ಕೆ ಸರಿಯುವುದು, ನೆತ್ತಿಯಲ್ಲಿ ರೂಪಾಯಿಯಗಲದ ಬಯಲು ಕಾಣಿಸಿಕೊಳ್ಳುವುದು, ವರ್ಷಗಳು ಕಳೆದಂತೆ ಈ ಎರಡು ಬಯಲುಗಳೂ ಕೂಡಿಕೊಂಡು ಕಿವಿಗಳ ಮೇಲ್ಭಾಗದಲ್ಲಿಯೂ ಹಿಂದಲೆಯಲ್ಲಿಯೂ ಮಾತ್ರ ಕೂದಲು ಉಳಿಯುವುದು - ಇಷ್ಟು ಕ್ರಮಬದ್ಧವಾಗಿ ನಡೆಯುವ ಕಾರ್ಯವಾದುದರಿಂದಲೇ ವೈದ್ಯರು ಇದನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಲು ಶಕ್ತರಾದರು. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ರಚಿಸಿದ ವರ್ಗೀಕರಣವನ್ನು 1975ರಲ್ಲಿ ನಾರ್ವುಡ್ ಎಂಬವರು ತಿದ್ದಿ ಏಳು ಘಟ್ಟಗಳಿಗೆ ಇಳಿಸಿದರು; ಇಂದಿಗೂ ಚರ್ಮವೈದ್ಯರ ಕೋಣೆಯ ಗೋಡೆಯ ಮೇಲೆ ಆ ಏಳು ತಲೆಗಳ ಚಿತ್ರವೇ ತೂಗುತ್ತಿರುವುದುಂಟು. ಯೂರೋಪಿನ ಜನಾಂಗದಲ್ಲಿ ಐವತ್ತು ವಯಸ್ಸಿನ ಸುಮಾರಿಗೆ ಅರ್ಧದಷ್ಟು ಗಂಡಸರು ಇದಕ್ಕೆ ಒಳಗಾಗಿರುತ್ತಾರೆ. ಚೀನ, ಜಪಾನುಗಳಲ್ಲಿ ಇದರ ಪ್ರಮಾಣ ಕಡಿಮೆ, ಆರಂಭವೂ ತಡ. ವಯಸ್ಸೊಂದು ಕಾರಣವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದು ಈಚಿನ ಕಾಲದ ಕೆಟ್ಟ ಆಹಾರ ವಿಹಾರಗಳಿಂದ ಹುಟ್ಟಿದ ವ್ಯಾಧಿಯೆಂದು ನಮ್ಮ ಹಿರಿಯರು ಗೊಣಗುವುದನ್ನು ಕೇಳಿದ್ದೇನೆ. ಆದರೆ ಭರ್ತೃಹರಿಯ ನೀತಿಶತಕದಲ್ಲಿಯೇ, ಬಿಸಿಲಿಗೆ ತಲೆ ಕಾದ ಖಲ್ವಾಟನೊಬ್ಬನು ನೆರಳನ್ನರಸಿ ಮರದ ಬುಡಕ್ಕೆ ಹೋಗಿ, ಮೇಲಿನಿಂದ ಬಿದ್ದ ದೊಡ್ಡ ಹಣ್ಣಿನಿಂದ ತಲೆಯೊಡೆಸಿಕೊಂಡ ಪ್ರಸಂಗವಿದೆ. ಸುಶ್ರುತಸಂಹಿತೆಯ ನಿದಾನಸ್ಥಾನವು ಖಾಲಿತ್ಯದ, ಎಂದರೆ ಬೋಳುತಲೆಯ, ವರ್ಣನೆಯನ್ನು ಮಾಡುತ್ತ, ಪಿತ್ತವು ವಾತದೊಡಗೂಡಿ ರೋಮಕೂಪಗಳನ್ನು ಹೊಕ್ಕು ಕೂದಲನ್ನು ಉದುರಿಸುವುದೆಂದೂ, ಬಳಿಕ ರಕ್ತಸಹಿತವಾದ ಕಫವು ಆ ಕೂಪಗಳನ್ನು ಮುಚ್ಚುವುದರಿಂದ ಬೇರೆ ಕೂದಲು ಹುಟ್ಟದೆಂದೂ ಹೇಳುತ್ತದೆ. ಕಾರಣವನ್ನು ಅವರು ತಮ್ಮ ಕಾಲದ ಪರಿಭಾಷೆಯಲ್ಲಿ ವಿವರಿಸಿದರು. ಆದರೆ ಕೂದಲು ಉದುರುವುದಲ್ಲ, ಉದುರಿದ ಕೂಪದಿಂದ ಮತ್ತೆ ಹುಟ್ಟದಿರುವುದೇ ಮುಖ್ಯವಾದ ಸಮಸ್ಯೆಯೆಂಬುದನ್ನು ಗುರುತಿಸಿದ ಸೂಕ್ಷ್ಮದೃಷ್ಟಿಗೆ ಇಂದಿನ ವಿಜ್ಞಾನಿಯೂ ತಲೆದೂಗಬೇಕು. ಭರ್ತೃಹರಿಯ ಆ ಬಡಪಾಯಿಯ ಊರಿನಲ್ಲಿ ಕೊಳವೆಬಾವಿ ಇರಲಿಲ್ಲವೆಂಬುದನ್ನು ಮಾತ್ರ ನಾನು ಇಲ್ಲಿ ನೆನಪಿಸಬಯಸುತ್ತೇನೆ.

ನೀರಿನ ಮೇಲಿನ ಈ ಅಪವಾದವನ್ನು ಸ್ವಲ್ಪ ವಿಚಾರಿಸಿ ನೋಡೋಣ. ನಮ್ಮ ಕಪ್ಪುನೆಲದ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರು ಗಡಸು. ಸಾಬೂನು ನೊರೆಯಾಗದು, ಬೇಳೆ ಬೇಗ ಬೇಯದು, ಹಂಡೆಯ ಒಳಮೈಗೆ ಬಿಳಿಯ ಹಕ್ಕಳೆ ಕಟ್ಟುತ್ತದೆ. ಇಂಥ ನೀರಿನಲ್ಲಿ ಮಿಂದ ಕೂದಲು ಒರಟಾಗುವುದೂ ಸಿಕ್ಕುಗಟ್ಟುವುದೂ ಬಾಚುವಾಗ ನಡುವೆ ತುಂಡಾಗುವುದೂ ನಿಜ. ಆದರೆ ತುಂಡಾದ ಕೂದಲಿನ ಬುಡ ಚರ್ಮದೊಳಗೆ ಸುರಕ್ಷಿತವಾಗಿ ಉಳಿದಿರುತ್ತದೆ; ಅದು ಮತ್ತೆ ಬೆಳೆಯುತ್ತದೆ. ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ನಮ್ಮ ಮನೆಗಳಲ್ಲಿಯೇ ಇದೆ: ಒಂದೇ ಹಂಡೆಯ ನೀರನ್ನು ಯಜಮಾನನೂ ಮೀಯುತ್ತಾನೆ, ಯಜಮಾನಿಯೂ ಮೀಯುತ್ತಾಳೆ, ಅವಳ ಹೆರಳು ಸೊಂಟದವರೆಗೆ ಇಳಿದಿರುವಾಗ ಇವನ ನೆತ್ತಿ ಮಾತ್ರ ಬಯಲಾಗುವುದಾದರೆ, ಗಂಡಹೆಂಡಿರನ್ನು ಗುರುತಿಸಿ ಪಕ್ಷಪಾತ ಮಾಡುವಷ್ಟು ಜಾಣ್ಮೆ ನೀರಿಗೆಲ್ಲಿಯದು? ಅಲ್ಲದೆ, ಅವನ ತಲೆಯಲ್ಲಿಯೂ ಅದೇ ನೀರು ಬಿದ್ದ ಹಿಂಬದಿಯ ಕೂದಲು ಎಂಬತ್ತು ವರ್ಷದವರೆಗೆ ಕದಲುವುದಿಲ್ಲ. ಟೊಪ್ಪಿಗೆ, ಪಟಗಗಳ ಮೇಲಿನ ಆರೋಪವನ್ನೂ ಇದೇ ನ್ಯಾಯದಿಂದ ತಳ್ಳಿಹಾಕಬಹುದು. ಸವದತ್ತಿಯ ಸಂತೆಯಲ್ಲಿ ಕೆಂಪು, ಬಿಳಿ ಪಟಗಗಳ ಹಿರಿಯರನ್ನು ಕಂಡವರೆಲ್ಲ ಬಲ್ಲರು: ಬಟ್ಟೆಯ ಬಿಗಿ ಹೆಚ್ಚಾಗಿ ಬೀಳುವುದು ಕಿವಿಯ ಮೇಲ್ಭಾಗದಲ್ಲಿ ಮತ್ತು ಹಿಂದಲೆಯಲ್ಲಿ, ಕೂದಲು ಕೊನೆಯವರೆಗೆ ಉಳಿಯುವುದೂ ಅಲ್ಲಿಯೇ.

ಸವದತ್ತಿಯ ಯಲ್ಲಮ್ಮನ ಗುಡ್ಡದ ಮಾತನ್ನು ಎತ್ತದೆ ಈ ಸೀಮೆಯಲ್ಲಿ ಕೂದಲಿನ ಮಾತು ಮುಗಿಯುವಂತಿಲ್ಲ. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಚಕ್ಕಡಿ, ಬಸ್ಸು, ಟ್ರ್ಯಾಕ್ಟರುಗಳಲ್ಲಿ ಬಂದಿಳಿಯುವ ಜನಸಾಗರದ ನಡುವೆ, ಉಧೋ ಉಧೋ ಎಂಬ ಘೋಷ ಕಿವಿದುಂಬುತ್ತಿರುವಾಗ, ಸೋದರಮಾವನ ತೊಡೆಯ ಮೇಲೆ ಕುಳಿತು ಕಿರಿಚಾಡುವ ಕೂಸಿನ ಜವಳ ತೆಗೆಯುವ ದೃಶ್ಯ ಅಲ್ಲಿ ನಿತ್ಯದ್ದು. ಹರಕೆಯ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಜವಳ ತೆಗೆದರೆ ಮುಂದೆ ಕೂದಲು ದಟ್ಟವಾಗಿ ಬರುವುದೆಂಬ ನಂಬಿಕೆಗೆ ಆಧಾರವಿಲ್ಲ. ಚರ್ಮದ ಹೊರಗೆ ಕಾಣುವ ಕೂದಲು ನಿರ್ಜೀವ ತಂತುವಾದುದರಿಂದ, ಕ್ಷೌರದ ಕತ್ತಿಯಿಂದ ಅದನ್ನು ತೆಗೆದ ಸುದ್ದಿ ಕೆಳಗಿನ ಬೇರಿಗೆ ತಿಳಿಯುವುದೇ ಇಲ್ಲ. ಚೂಪಾಗಿದ್ದ ತುದಿ ಮೊಂಡಾಗಿ ಮೊಳೆಯುವುದರಿಂದ ಕೈಗೆ ಒರಟಾಗಿ ತಗಲುತ್ತದೆ, ಅಷ್ಟೆ. ಇದೇ ಗುಡ್ಡದ ಹೆಸರಿನಲ್ಲಿ, ಎಣ್ಣೆ ಬಾಚಣಿಗೆ ಕಾಣದೆ ಜಡೆಗಟ್ಟಿದ ಕೂದಲನ್ನು ದೇವಿಯ ಅಪ್ಪಣೆಯೆಂದು ಭಾವಿಸಿ ಎಷ್ಟೋ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಟ್ಟ ದುಃಖದ ಕಥೆಯೂ ಇದೆ. ಅದನ್ನು ತಡೆಯಲು ಕರ್ನಾಟಕ ಸರಕಾರವು 1982ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಬೆಳೆದ ಕೂದಲಿಗಾಗಲಿ ಉದುರಿದ ಕೂದಲಿಗಾಗಲಿ ದೈವದ ಸಹಿ ಹುಡುಕುವ ಮುನ್ನ ತಲೆಬುಡವನ್ನು ಪರೀಕ್ಷಿಸುವುದು ಲೇಸು.

ಇಷ್ಟಾದರೂ, ಹೊರಗಿನ ಕಾರಣದಿಂದ ಕೂದಲು ಉದುರುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2025ರ ಆರಂಭದಲ್ಲಿ ನೆರೆಯ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ ತಾಲೂಕಿನ ಹಲವು ಹಳ್ಳಿಗಳಲ್ಲಿ ಜನರ ತಲೆಗೂದಲು ಕೆಲವೇ ದಿನಗಳಲ್ಲಿ ಹಿಡಿಹಿಡಿಯಾಗಿ ಕೈಗೆ ಬರತೊಡಗಿದಾಗ ಅಲ್ಲಿಯೂ ಮೊದಲ ಅನುಮಾನ ಬಿದ್ದದ್ದು ನೀರಿನ ಮೇಲೆಯೇ. ಚೇಳಿನ ವಿಷದ ಚಿಕಿತ್ಸೆಗಾಗಿ ದೇಶವಿಖ್ಯಾತರಾದ ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್ ಅವರು ಪಡಿತರದ ಗೋಧಿಯಲ್ಲಿದ್ದ ಅತಿಯಾದ ಸೆಲೀನಿಯಮ್ಮಿನ ಕಡೆಗೆ ಬೆರಳು ತೋರಿಸಿದರು. ಆದರೆ ಅಲ್ಲಿ ಉದುರಿದ ರೀತಿಯನ್ನು ಗಮನಿಸಿರಿ: ಗಂಡಸು, ಹೆಂಗಸು, ಮಕ್ಕಳೆಂಬ ಭೇದವಿಲ್ಲದೆ, ಹಣೆ ನೆತ್ತಿಗಳೆಂಬ ಕ್ರಮವಿಲ್ಲದೆ, ದಿನಗಳ ಅವಧಿಯಲ್ಲಿ ಉದುರಿತು. ವಿಷಮಶೀತಜ್ವರವೋ ಡೆಂಗಿಯೋ ಬಂದುಹೋದ ಎರಡು ಮೂರು ತಿಂಗಳ ಮೇಲೆ ಕೂದಲು ತಲೆಯ ಎಲ್ಲ ಕಡೆಯಿಂದಲೂ ಉದುರುವುದುಂಟು. ಅದು ಬಹುತೇಕ ತಾನಾಗಿಯೇ ಮರಳಿ ಬರುತ್ತದೆ. ನಾಣ್ಯದಂತೆ ದುಂಡಗೆ, ನುಣ್ಣಗೆ, ಒಮ್ಮೆಲೇ ಬಯಲಾಗುವ ಇನ್ನೊಂದು ಬಗೆ ಇದೆ. ಅದು ಬೇರೆಯೇ ರೋಗ. ಗಂಡಸರ ಬಕ್ಕತಲೆ ಇವಾವುದಕ್ಕೂ ಸೇರಿದುದಲ್ಲ. ಅದು ವರ್ಷಗಳನ್ನು ತೆಗೆದುಕೊಂಡು ನಿಧಾನವಾಗಿ ನಡೆಯುವ ಕೆಲಸ.

ಹಾಗಾದರೆ ಅದರ ಮೂಲವೆಲ್ಲಿ? ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ವೈದ್ಯ ಹಿಪೊಕ್ರಾಟೀಸನ ಹೆಸರಿನ ಸೂತ್ರಗಳಲ್ಲಿ, ವೃಷಣಛೇದನಕ್ಕೆ ಒಳಗಾದವರ ತಲೆ ಬೋಳಾಗುವುದಿಲ್ಲವೆಂಬ ಮಾತೊಂದಿದೆ. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕುತೂಹಲದ ಸಂಗತಿಯಾಗಿ ಉಳಿದಿದ್ದ ಈ ಮಾತನ್ನು ಹಿಡಿದು ವಿಚಾರ ಮಾಡಿದವರು ಮೇಲೆ ಹೆಸರಿಸಿದ ಹ್ಯಾಮಿಲ್ಟನ್. 1942ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ, ವೃಷಣಗಳನ್ನು ಕಳೆದುಕೊಂಡವರೂ ಅವು ಬಲಿಯದೆ ಉಳಿದವರೂ ಸೇರಿ 104 ಮಂದಿಯ ವೃತ್ತಾಂತವಿದೆ. ಪ್ರಾಪ್ತವಯಸ್ಸಿಗೆ ಮುಂಚೆಯೇ ಪುರುಷ ಹಾರ್ಮೋನನ್ನು ಕಳೆದುಕೊಂಡವರ ತಲೆ ಬೋಳಾಗಲಿಲ್ಲ. ಅಂಥವರಿಗೆ ಟೆಸ್ಟಾಸ್ಟರೋನ್ ಕೊಟ್ಟಾಗ, ಯಾರ ಮನೆತನದಲ್ಲಿ ಬಕ್ಕತಲೆ ಇದ್ದಿತೋ ಅವರ ಕೂದಲು ಉದುರತೊಡಗಿತು, ಇಲ್ಲದವರದು ಉದುರಲಿಲ್ಲ. ಔಷಧಿಯನ್ನು ನಿಲ್ಲಿಸಿದಾಗ ಉದುರುವುದು ನಿಂತಿತೇ ಹೊರತು ಹೋದ ಕೂದಲು ಮರಳಲಿಲ್ಲ. ನನ್ನ ದೃಷ್ಟಿಯಲ್ಲಿ ಈ ವಿಷಯದ ಮೇಲೆ ನಡೆದ ಅತ್ಯಂತ ಸುಂದರವಾದ ಶೋಧನೆ ಇದು. ಹಾರ್ಮೋನು, ವಂಶ, ವಯಸ್ಸು - ಮೂರೂ ಕೂಡಿದಾಗ ಮಾತ್ರ ನೆತ್ತಿ ಬಯಲಾಗುವುದೆಂಬುದನ್ನು ಅದು ಒಂದೇ ಪೆಟ್ಟಿಗೆ ತೋರಿಸಿಕೊಟ್ಟಿತು.

1974ರಲ್ಲಿ ಇದಕ್ಕೆ ಇನ್ನೊಂದು ಅಧ್ಯಾಯ ಸೇರಿತು. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದ ಸಲಿನಾಸ್ ಎಂಬ ಹಳ್ಳಿಯಲ್ಲಿ, ಹುಟ್ಟಿದಾಗ ಹೆಣ್ಣೆಂದೇ ತೋರಿ ಪ್ರಾಯಕ್ಕೆ ಬಂದಾಗ ಗಂಡಾಗುವ ಮಕ್ಕಳನ್ನು ಜೂಲಿಯೇನ್ ಇಂಪೆರಾಟೊ-ಮೆಕ್‌ಗಿನ್ಲಿ ಎಂಬ ವೈದ್ಯೆ ಅಭ್ಯಸಿಸಿದರು. ಇವರಲ್ಲಿ ಟೆಸ್ಟಾಸ್ಟರೋನಿಗೆ ಕೊರತೆ ಇರಲಿಲ್ಲ. ಅದನ್ನು ಡೈಹೈಡ್ರೋಟೆಸ್ಟಾಸ್ಟರೋನ್ ಎಂಬ ತೀವ್ರತರ ರೂಪಕ್ಕೆ ಪರಿವರ್ತಿಸುವ ಕಿಣ್ವಕ್ಕೆ ಕೊರತೆ ಇದ್ದಿತು. ದೊಡ್ಡವರಾದ ಮೇಲೆ ಇವರ ಹಣೆಯ ಮೂಲೆಗಳು ಹಿಂದೆ ಸರಿಯಲೇ ಇಲ್ಲ. ತಲೆಗೂದಲಿನ ಶತ್ರು ಯಾವುದೆಂಬುದು ಇದರಿಂದ ಖಚಿತವಾಯಿತು. ಬಕ್ಕತಲೆಯವನ ಮೈಯಲ್ಲಿ ಪುರುಷತ್ವ ಹೆಚ್ಚೆಂಬ ಜನಜನಿತವಾದ ಸಮಾಧಾನವೊಂದುಂಟು. ಆದರೆ ರಕ್ತವನ್ನು ಪರೀಕ್ಷಿಸಿದರೆ ಬಹುಮಂದಿಯಲ್ಲಿ ಹಾರ್ಮೋನಿನ ಪ್ರಮಾಣ ಇತರರಷ್ಟೇ ಇರುತ್ತದೆ. ವ್ಯತ್ಯಾಸವಿರುವುದು ಹಾರ್ಮೋನಿನಲ್ಲಲ್ಲ, ಅದಕ್ಕೆ ಸೋಲುವ ರೋಮಕೂಪದಲ್ಲಿ.

ಒಂದು ಲಕ್ಷದಷ್ಟು ಕೂದಲುಗಳಿರುವ ತಲೆಯಲ್ಲಿ ಒಂದೊಂದೂ ಎರಡರಿಂದ ಆರು ವರ್ಷ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆದು, ಬಳಿಕ ಸುಮಾರು ಮೂರು ತಿಂಗಳು ವಿಶ್ರಮಿಸಿ ಉದುರುತ್ತದೆ. ಆದುದರಿಂದ ದಿನಕ್ಕೆ ಐವತ್ತು ನೂರು ಕೂದಲು ಬಾಚಣಿಗೆಗೆ ಬರುವುದು ಸಹಜಕ್ರಮವೇ ಹೊರತು ಗಾಬರಿಯ ಮಾತಲ್ಲ. ಮಲಪ್ರಭೆಯ ನೀರುಂಡ ಹೊಲಗಳಲ್ಲಿ ಕಬ್ಬು ಬೆಳೆಯುವವರಿಗೆ ಮುಂದಿನ ಸಂಗತಿಯನ್ನು ತಿಳಿಸಲು ನನಗೆ ಕಷ್ಟವಿಲ್ಲ: ನಾಟಿ ಕಬ್ಬು ಕಡಿದ ಮೇಲೆ ಬರುವ ಕೂಳೆ, ಮತ್ತೆ ಅದರ ಕೂಳೆ, ವರ್ಷವರ್ಷಕ್ಕೆ ಗಿಡ್ಡವಾಗುತ್ತ ಸಣ್ಣಗಾಗುತ್ತ ಹೋಗುವಂತೆ, ಹಾರ್ಮೋನಿಗೆ ಸೋತ ಕೂಪದಿಂದ ಬರುವ ಕೂದಲೂ ಪ್ರತಿ ಸುತ್ತಿನಲ್ಲಿ ಹಿಂದಿನದಕ್ಕಿಂತ ಮೋಟಾಗಿಯೂ ತೆಳುವಾಗಿಯೂ ಹುಟ್ಟಿ, ಕಡೆಗೆ ಕೂಸಿನ ಮೈರೋಮದಷ್ಟು ನವಿರಾಗಿ ಕಣ್ಣಿಗೆ ಬೀಳದಾಗುತ್ತದೆ. ಇದೇ ಹಾರ್ಮೋನು ಗಲ್ಲದ ಮೇಲೆ ಗಡ್ಡವನ್ನು ದಪ್ಪಗೊಳಿಸುವುದು ಪ್ರಕೃತಿಯ ವಿನೋದವೆನ್ನಬೇಕು. ಹಿಂದಲೆಯ ಕೂಪಗಳಿಗೆ ಇದರ ಭಯವಿಲ್ಲ. ಅವನ್ನು ಕಿತ್ತು ನೆತ್ತಿಗೆ ನೆಟ್ಟರೂ ತಮ್ಮ ಹುಟ್ಟುಗುಣವನ್ನು ಬಿಡುವುದಿಲ್ಲವೆಂದು ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ತೋರಿಸಿದ್ದರಿಂದಲೇ ಇಂದಿನ ಕೂದಲು ನಾಟಿಯ ವಿದ್ಯೆ ಬೆಳೆಯಿತು.

ಇನ್ನು ವಂಶದ ಮಾತು. "ಸೋದರಮಾವನ ತಲಿ ನೋಡಿ ಅಳಿಯನ ತಲಿ ಹೇಳಬೇಕು" ಎಂದು ನಮ್ಮಲ್ಲಿ ಆಡಿಕೊಳ್ಳುವುದುಂಟು. ಇದರಲ್ಲಿ ಅರ್ಧ ಸತ್ಯವಿದೆ. ಪುರುಷ ಹಾರ್ಮೋನನ್ನು ಗ್ರಹಿಸುವ ದ್ವಾರವನ್ನು ನಿರ್ಮಿಸುವ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡುಮಗುವಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಆದರೆ ತಾಯಿಯು ಕೊಡುವ ಎಕ್ಸ್‌ನಲ್ಲಿ ಅವಳ ತಂದೆಯದೂ ತಾಯಿಯದೂ ಬೆರೆತಿರುವುದರಿಂದ, ಸೋದರಮಾವನಿಗೆ ಬಂದ ಅಂಶವೇ ಅಳಿಯನಿಗೂ ಬಂದಿರಬೇಕೆಂಬ ನಿಯಮವಿಲ್ಲ. ಮೇಲಾಗಿ ಆ ಒಂದು ವಂಶವಾಹಿಯೇ ಸರ್ವಸ್ವವಲ್ಲ. 2017ರಲ್ಲಿ ಬ್ರಿಟನ್ನಿನ 52,000ಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷಿಸಿದವರು ಬಕ್ಕತಲೆಗೆ ಸಂಬಂಧಪಟ್ಟ 287 ಗುರುತುಗಳನ್ನು ಕಂಡುಹಿಡಿದರು; ಅವುಗಳಲ್ಲಿ ಎಕ್ಸ್‌ಗೆ ಸೇರಿದವು 40 ಮಾತ್ರ. ಉಳಿದವು ತಂದೆತಾಯಿ ಇಬ್ಬರಿಂದಲೂ ಬರುವಂಥವು. ತಂದೆಯ ತಲೆಯನ್ನು ನೋಡದೆ ಮಾವನ ತಲೆಯನ್ನಷ್ಟೇ ನೋಡುವವನು ಲೆಕ್ಕ ತಪ್ಪುತ್ತಾನೆ.

ನಮ್ಮ ಸೀಮೆಯ ಒಂದು ಪದ್ಧತಿ ಇಲ್ಲಿ ವಿಚಾರಾರ್ಹವಾಗಿದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು - ಹೊಲ ಹೊರಗೆ ಹೋಗದಿರಲೆಂದೋ, ಹುಡುಗಿ ಕಣ್ಣೆದುರಿಗೆ ಇರಲೆಂದೋ - ಇಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ತಾಯಿಯು ತನ್ನ ಸೋದರಮಾವನನ್ನೇ ವರಿಸಿದ ಮನೆಯಲ್ಲಿ ಮಗನಿಗೆ ತಂದೆಯ ಕಡೆ, ತಾಯಿಯ ಕಡೆ ಎಂದು ಎರಡು ಪೂರ್ತಿ ಬೇರೆ ಬೇರೆ ಬಳ್ಳಿಗಳು ಉಳಿಯುವುದಿಲ್ಲ. ಆ ಬಳ್ಳಿಯಲ್ಲಿ ಬಕ್ಕತಲೆಯ ಗುಣವಿದ್ದುದಾದರೆ ಅದು ಎರಡೂ ಬಾಗಿಲುಗಳಿಂದ ಒಳಗೆ ಬರುವ ಸಂಭವ ಹೆಚ್ಚುತ್ತದೆ. ಕಳ್ಳುಬಳ್ಳಿಯ ಮದುವೆಗಳನ್ನು ಬೇಡವೆನ್ನಲು ಇದಕ್ಕಿಂತ ಗಂಭೀರವಾದ ಕಾರಣಗಳು ವೈದ್ಯರ ಬಳಿ ಇವೆ. ಬೋಳುತಲೆ ಆ ಪಟ್ಟಿಯಲ್ಲಿ ಕಟ್ಟಕಡೆಯದು. ಆದರೂ ಕನ್ಯೆಯನ್ನು ನೋಡಲು ಹೋಗುವಾಗ ಟೊಪ್ಪಿಗೆ ತೆಗೆಯದೆ ಕುಳಿತ ವರನನ್ನು ಕಂಡು ಒಳಮನೆಯಲ್ಲಿ ನಗುವ ಬಳಗಕ್ಕೆ, ಆ ಟೊಪ್ಪಿಗೆಯ ಕೆಳಗಿನ ಗುಟ್ಟು ತಮ್ಮ ಬಳಗದ್ದೇ ಆಗಿರಬಹುದೆಂಬ ಅರಿವಿದ್ದರೆ ಒಳಿತು.

ವಂಶವನ್ನು ಬದಲಿಸಲಾಗದು, ವಯಸ್ಸನ್ನು ತಡೆಯಲಾಗದು. ಕೈಯಲ್ಲಿರುವುದು ಅಲ್ಪವೇ ಆದರೂ ಅಲಕ್ಷ್ಯಕ್ಕೆ ಯೋಗ್ಯವಲ್ಲ. ಧೂಮಪಾನದ ಹೆಸರನ್ನು ಮೊದಲು ಹೇಳಬೇಕು. ತೈವಾನಿನಲ್ಲಿ ನಲವತ್ತು ದಾಟಿದ 740 ಗಂಡಸರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟವಾದ ವರದಿಯೊಂದು, ವಯಸ್ಸು ಮತ್ತು ವಂಶಗಳ ಪಾಲನ್ನು ಕಳೆದ ಮೇಲೆಯೂ, ಸಿಗರೇಟು ಹೆಚ್ಚಾಗಿ ಸೇದುವವರಲ್ಲಿ ಬಕ್ಕತಲೆ ಹೆಚ್ಚೆಂದು ತಿಳಿಸಿತು. ನಿಪ್ಪಾಣಿಯ ತಂಬಾಕು ನಮ್ಮ ಜಿಲ್ಲೆಯದೇ ಬೆಳೆಯಾದರೂ ಬೀಡಿಯ ಹೊಗೆಗೆ ಸ್ವಜಿಲ್ಲೆಯ ಅಭಿಮಾನವೇನೂ ಇಲ್ಲ. ಎರಡನೆಯದು ಈಚಿನ ತರುಣರಿಗೆ ಸಂಬಂಧಿಸಿದ್ದು. ಗರಡಿಮನೆಯಲ್ಲಿ ಸಾಮು ಮಾಡಿ, ಜೋಳದ ರೊಟ್ಟಿ ಹಾಲು ತಿಂದು ಮೈ ಕಟ್ಟಿದ ಪೈಲವಾನರ ನಾಡಿದು, ಅಲ್ಲೇನೂ ಅಪಾಯವಿಲ್ಲ. ಆದರೆ ಆರು ತಿಂಗಳಲ್ಲಿ ತೋಳು ಉಬ್ಬಬೇಕೆಂದು ಜಿಮ್ಮಿನಲ್ಲಿ ಯಾರೋ ಕೊಟ್ಟ ಸ್ಟೀರಾಯ್ಡ್ ಚುಚ್ಚುಮದ್ದನ್ನು ಚುಚ್ಚಿಸಿಕೊಳ್ಳುವವನು, ಹ್ಯಾಮಿಲ್ಟನ್ನರು ತಮ್ಮ ರೋಗಿಗಳ ಮೇಲೆ ಮಾಡಿದ ಪ್ರಯೋಗವನ್ನೇ ತನ್ನ ಮೇಲೆ ತಾನು ಮಾಡಿಕೊಳ್ಳುತ್ತಿರುವನೆಂದು ತಿಳಿಯಬೇಕು. ವಂಶದಲ್ಲಿ ಗುಣವಿದ್ದರೆ ನಲವತ್ತಕ್ಕೆ ಬರಬೇಕಾದ ಬಯಲು ಇಪ್ಪತ್ತೈದಕ್ಕೇ ಬರಬಹುದು.

ಚಿಕಿತ್ಸೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ರಕ್ತದೊತ್ತಡಕ್ಕೆಂದು ಬಂದ ಮಿನಾಕ್ಸಿಡಿಲ್ ಎಂಬ ಗುಳಿಗೆಯನ್ನು ನುಂಗಿದವರ ಮೈಮೇಲೆ ಕೂದಲು ಬೆಳೆದುದನ್ನು ಕಂಡು ಅದನ್ನು ಹಚ್ಚುವ ದ್ರವವನ್ನಾಗಿ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಂಜೂರಾತಿ ದೊರೆಯಿತು. ಸಲಿನಾಸಿನ ಕಥೆಯ ಫಲವಾಗಿ ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಗುಳಿಗೆ 1997ರಲ್ಲಿ ಬಕ್ಕತಲೆಯ ಚಿಕಿತ್ಸೆಗೆ ಬಂದಿತು. ಇವೆರಡೂ ಇರುವ ಕೂದಲನ್ನು ಕಾಯುವುದರಲ್ಲಿ ಸಮರ್ಥ, ಬಿಟ್ಟರೆ ಮೊದಲಿನ ಸ್ಥಿತಿಗೇ ಇಳಿಯುತ್ತದೆ. ವೈದ್ಯರ ಸಲಹೆಯಿಲ್ಲದೆ ಇವನ್ನು ಮುಟ್ಟಬಾರದು. ಹುಣಸೂರು ತಾಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಎಣ್ಣೆ ಇಂದು ದೂರದೂರದ ಊರುಗಳಿಗೆ ಮಾರಾಟವಾಗುತ್ತಿದೆ. ಎಣ್ಣೆ ಕೂದಲಿಗೆ ನುಣುಪನ್ನು ಕೊಡುತ್ತದೆ, ಮುಚ್ಚಿದ ಕೂಪವನ್ನು ತೆರೆಯುವ ಕೆಲಸವನ್ನು ಯಾವ ಎಣ್ಣೆಯಿಂದಲೂ ನಿರೀಕ್ಷಿಸಬಾರದು. ಬಸ್ ನಿಲ್ದಾಣದ ಗೋಡೆಗಳ ಮೇಲೆ ಬೋಳುತಲೆಗೆ ಖಾತ್ರಿ ಔಷಧಿಯೆಂದು ಬರೆಯುವವರ ಬಗೆಗೆ ಮಾತ್ರ ಒಂದು ಮಾತು: ನಮ್ಮ ದೇಶದ 1945ರ ಔಷಧ ನಿಯಮಗಳ ಜೆ ಅನುಸೂಚಿಯಲ್ಲಿ, ಯಾವ ಔಷಧಿಯೂ ಗುಣಪಡಿಸುವೆನೆಂದು ಹೇಳಿಕೊಳ್ಳಬಾರದ ವ್ಯಾಧಿಗಳ ಪಟ್ಟಿಯಿದ್ದು, ಬೋಳುತಲೆ ಅದರಲ್ಲಿ ಸೇರಿದೆ.

ಕಡೆಯದಾಗಿ, ಈ ಭಾಷಣವನ್ನು ಕೇಳುತ್ತಿರುವ ತರುಣರಲ್ಲಿ ಒಂದು ವಿಜ್ಞಾಪನೆ. ಅಮೆರಿಕದ ಸಾವಿರಾರು ವೈದ್ಯರನ್ನೇ ಹಲವು ವರ್ಷ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನೆತ್ತಿ ಪೂರ್ತಿ ಬಯಲಾದವರಿಗೆ ಹೃದಯದ ಬೇನೆಯ ಸಂಭವವು ಇತರರಿಗಿಂತ ಸುಮಾರು ಮೂರನೆಯ ಒಂದಂಶ ಹೆಚ್ಚಾಗಿ ಕಂಡುಬಂದಿತು; ಹಣೆಯ ಮುಂಭಾಗ ಮಾತ್ರ ಸರಿದವರಲ್ಲಿ ಅಷ್ಟು ಕಂಡುಬರಲಿಲ್ಲ. ಕೂದಲುದುರಿದ್ದರಿಂದ ಹೃದಯ ಕೆಡುವುದೆಂದು ಇದರ ಅರ್ಥವಲ್ಲ. ಎರಡಕ್ಕೂ ಎಲ್ಲಿಯೋ ಸಮಾನವಾದ ಬೇರು ಇರಬಹುದು. ಆದುದರಿಂದ ನಿಮ್ಮಲ್ಲಿ ಯಾರಿಗಾದರೂ ಮೂವತ್ತೈದು ತುಂಬುವ ಮೊದಲೇ ಕ್ಷೌರದಂಗಡಿಯವನು ಹಿಂದಿನಿಂದ ಕನ್ನಡಿ ಹಿಡಿದು ಆ ವಾರ್ತೆಯನ್ನು ಹೇಳಿದ್ದರೆ, ಎಣ್ಣೆಗೆಂದು ತೆಗೆದಿಟ್ಟ ಹಣವನ್ನು ಹಾಗೆಯೇ ಕಿಸೆಯಲ್ಲಿರಿಸಿಕೊಂಡು, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ - ಯಾವುದು ಹತ್ತಿರವೋ ಅಲ್ಲಿಯ ಸರಕಾರಿ ಆಸ್ಪತ್ರೆಗೆ ಒಂದು ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಹೋಗಿ, ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಕೊಬ್ಬಿನಂಶವನ್ನೂ ಪರೀಕ್ಷಿಸಿಕೊಂಡು ಬರಬೇಕೆಂದು ಕೇಳಿಕೊಳ್ಳುತ್ತೇನೆ.